ಶಬ್ದಗಳ ಮೊದಲಕ್ಷರವೂ ಕಿಟೆಲ್ ಪಂಡಿತರೂ

ನಮ್ಮ ಬಾಲಿಕೆಯರು ಬಿಡುವಿನ ವೇಳೆಯಲ್ಲಿ ಆಡುವ ಇಂಗ್ಲಿಷ್ ಶಬ್ದದಾಟವನ್ನು ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಒಬ್ಬಳು ಎರಡು ಅಕ್ಷರಗಳನ್ನು ಕೊಡುವಳು. ಉಳಿದವರು ಅವುಗಳಿಂದ ಮೊದಲಾಗುವ ಕಿರಿಯ ಶಬ್ದಗಳನ್ನು ಹೇಳಬೇಕು. ಸಿ, ಎ ಎಂದರೆ ಕ್ಯಾಟ್, ಕ್ಯಾಪ್, ಕಾರ್, ಕೇಕ್. ಇದೇ ಆಟವನ್ನು ಕನ್ನಡದಲ್ಲಿ ಆಡುವಾಗ ವಿವಾದವುಂಟಾದರೆ ತೀರ್ಪನ್ನು ಕೇಳಬೇಕಾದ ಗ್ರಂಥವು ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಪಂಡಿತರ ಕನ್ನಡ-ಇಂಗ್ಲಿಷ್ ನಿಘಂಟು. ಆ ಮಹನೀಯರ ಚರಿತ್ರೆಯನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸುವೆನು.

ಇವರು ೧೮೩೨ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬಲ್ಲಿ ಪಾದ್ರಿಯೊಬ್ಬರ ಪುತ್ರರಾಗಿ ಜನಿಸಿದರು. ಗ್ರೀಕ್, ಲ್ಯಾಟಿನ್, ಹೀಬ್ರೂ ಭಾಷೆಗಳನ್ನು ಬಾಲ್ಯದಲ್ಲಿಯೇ ಕಲಿತರು. ಬಾಸೆಲ್ ಮಿಶನ್ನಿನಲ್ಲಿ ಶಿಕ್ಷಣ ಹೊಂದಿ ೧೮೫೩ರಲ್ಲಿ ಇಂಡಿಯಾ ದೇಶಕ್ಕೆ ಬಂದು ಧಾರವಾಡ, ಮಂಗಳೂರು, ಮಡಿಕೇರಿ ಮುಂತಾದೆಡೆಗಳಲ್ಲಿ ಕೆಲಸ ಮಾಡಿದರು. ದೇಶೀಯರೊಡನೆ ದೇಶೀಯರಂತೆಯೇ ಬಾಳಬೇಕೆಂಬ ಇವರ ಹಟವು ಜೊತೆಗಾರರೆಲ್ಲರಿಗೂ ಹಿಡಿಸಲಿಲ್ಲ. ೧೮೬೦ರಲ್ಲಿ ಪಾಲಿನ್ ಎಂಬವರನ್ನು ವಿವಾಹವಾದರು. ಆಕೆಯು ಕೆಲವೇ ವರ್ಷಗಳಲ್ಲಿ ತೀರಿಕೊಳ್ಳಲು, ಆಕೆಯ ಸಹೋದರಿ ಜೂಲಿಯವರು ಮನೆಯನ್ನು ತುಂಬಿದರು. ಚರಿತ್ರಕಾರರು ಈ ಇಬ್ಬರು ಸ್ತ್ರೀಯರಿಗೆ ಕೊಟ್ಟಿರುವ ಸ್ಥಳವು ಬಹು ಸ್ವಲ್ಪ. ಹೆಣ್ಣುಮಕ್ಕಳ ಶಾಲೆಯ ಪುಸ್ತಕದಲ್ಲಿ ಅವರ ಹೆಸರಾದರೂ ಇರಲಿ.

ಕಿಟೆಲರು ೧೮೬೨ರಲ್ಲಿ ಕಥಾಮಾಲೆಯನ್ನೂ, ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಪ್ರಕಟಿಸಿದರು. ಆದರೆ ಆಯುಷ್ಯದ ಸಾರವೆಲ್ಲ ನಿಘಂಟಿಗೆ ಹೋಯಿತು. ಅದಕ್ಕಿಂತ ಮುಂಚೆ ರೀವ್ ದೊರೆಯವರ ಕೋಶವೊಂದು ೧೮೩೨ರಲ್ಲಿ ಹೊರಟಿತ್ತು. ಕಿಟೆಲರಿಗೆ ಅಷ್ಟು ಸಾಲದು. ಹಳೆಯ ಕಾವ್ಯಗಳನ್ನು ಶೋಧಿಸಿದರು, ಪಂಡಿತರನ್ನು ಕೇಳಿದರು, ಜನರ ಬಾಯಿಯ ಗಾದೆಗಳನ್ನೂ ಬಿಡಲಿಲ್ಲ. ೧೮೯೪ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಸುಮಾರು ೭೦,೦೦೦ ಶಬ್ದಗಳ, ೧,೭೦೦ಕ್ಕೂ ಮಿಕ್ಕ ಪುಟಗಳ ಗ್ರಂಥವು ಹೊರಬಂದಿತು.

ಈಗ ಆಟಕ್ಕೆ ಬರೋಣ. ಇಂಗ್ಲಿಷಿನಲ್ಲಿ ಮೊದಲಕ್ಷರವು ಒಂದೇ ಆದರೂ ಉಚ್ಚಾರವು ಬೇರೆಯಾಗುವುದು. ಕ್ಯಾಟ್, ಸಿಟಿ, ಚಿನ್ ಈ ಮೂರಕ್ಕೂ ಸಿ ಅಕ್ಷರವೇ ಮೊದಲು. ನಮ್ಮ ನುಡಿಯ ತೊಡಕು ಬೇರೆ. ಇಲ್ಲಿ ಬರೆದಂತೆಯೇ ಓದುವೆವು. ಆದರೆ ಕಾಲಕ್ರಮದಲ್ಲಿ ಶಬ್ದದ ಮೊದಲಕ್ಷರವೇ ಬದಲಾಗಿದೆ. ಹಳಗನ್ನಡದ ಪತ್ತು, ಪುಲಿ, ಪಾಲ್, ಪೂ ಎಂಬವು ಇಂದು ಹತ್ತು, ಹುಲಿ, ಹಾಲು, ಹೂ. ನಿಘಂಟಿನಲ್ಲಿ ಪಕಾರಕ್ಕೂ ಹಕಾರಕ್ಕೂ ನೂರಾರು ಪುಟಗಳ ಅಂತರ. ಒಂದೇ ಮನೆಯ ಮಕ್ಕಳು ಹೀಗೆ ಊರುಬಿಟ್ಟು ದೂರವಾಗಿರಲು, ಕಿಟೆಲರು ಹಾಲು ಎಂಬಲ್ಲಿ ಪಾಲನ್ನು ನೆನಪಿಸಿ ಅವನ್ನು ಮರಳಿ ಕೂಡಿಸಿದರು. ಅಷ್ಟೇ ಅಲ್ಲ, ತುಳು, ತಮಿಳು, ತೆಲುಗು, ಮಲೆಯಾಳಗಳ ಸೋದರ ಶಬ್ದಗಳನ್ನೂ ಪಕ್ಕದಲ್ಲಿ ಕಾಣಿಸಿದರು.

ಇದು ನಮ್ಮ ಸೀಮೆಗೆ ಬಹಳ ಹತ್ತಿರದ ವಿಷಯ. ಬೈಂದೂರು, ಕುಂದಾಪುರದ ಹುಡುಗಿಯು ಹುಲಿ, ಹತ್ತು ಎನ್ನುವಳು. ಬ್ರಹ್ಮಾವರದ ಕಡೆಯ ತುಳು ಮನೆಯ ಹುಡುಗಿಯು ಪಿಲಿ, ಪತ್ತ್ ಎನ್ನುವಳು. ಆಕೆಯನ್ನು ಕಂಡು ಜೊತೆಯವರು ನಗುವುದುಂಟು. ನಗುವವರಿಗೆ ಈ ನಿಘಂಟಿನ ಪಕಾರದ ಪುಟಗಳನ್ನು ತೆರೆದು ತೋರಿಸಬೇಕು: ಪಂಪನ ಕಾಲದ ಮೊದಲಕ್ಷರವು ತುಳುವಳ ನಾಲಗೆಯಲ್ಲಿ ಇನ್ನೂ ಜೀವದಿಂದಿದೆ. ಶಾಲೆಗೆ ಬರುವ ಮಗಳ ಮನೆಮಾತನ್ನು ತಿದ್ದಲು ಅವಸರಪಡುವ ತಾಯಿತಂದೆಗಳೂ ಇದನ್ನು ನೋಡಿದರೆ ಒಳಿತು.

ನಿಘಂಟನ್ನು ಮುಗಿಸಿ ಸ್ವದೇಶಕ್ಕೆ ತೆರಳಿದ ಪಂಡಿತರಿಗೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ೧೮೯೬ರಲ್ಲಿ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ೧೯೦೩ರಲ್ಲಿ ಅವರ ಕನ್ನಡ ವ್ಯಾಕರಣವು ಅಚ್ಚಾಯಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿಯೇ ದೈವಾಧೀನರಾದರು. ಮದರಾಸು ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರಿಂದ ನಿಘಂಟನ್ನು ಪರಿಷ್ಕರಿಸಿ, ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಪುನಃ ಪ್ರಕಟಿಸಿತು.