ಹೋಮಿ ಭಾಭಾ: ಬಾಂಬಿನ ಗದ್ದಲದಲ್ಲಿ ಮರೆತುಹೋದ ಒಂದು ಲೆಕ್ಕ

ಪ್ರತಿವರ್ಷ ಜನವರಿ 24 ಬಂತೆಂದರೆ ಸಾಕು, ವಾಟ್ಸ್ಯಾಪ್ ಗುಂಪುಗಳಲ್ಲಿ ಹೋಮಿ ಜಹಾಂಗೀರ್ ಭಾಭಾ ಮತ್ತೊಮ್ಮೆ ಸಾಯುತ್ತಾರೆ. 1966ರ ಆ ದಿನ ಏರ್ ಇಂಡಿಯಾದ ‘ಕಾಂಚನಜುಂಗಾ’ ವಿಮಾನ ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು 117 ಮಂದಿ ಸತ್ತರು. ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಅವರಲ್ಲೊಬ್ಬರು. ಪರ್ವತವನ್ನು ಆಗಲೇ ದಾಟಿದ್ದೇವೆ ಎಂದು ಪೈಲಟ್ ತಪ್ಪು ತಿಳಿದದ್ದೇ ಕಾರಣ ಅಂತ ಫ್ರಾನ್ಸಿನ ತನಿಖೆ ಹೇಳಿತು. ಆದರೆ ನಮ್ಮ ಜನಕ್ಕೆ ಅಷ್ಟು ಸಾಲದು. ಯಾರು ಕೊಲ್ಲಿಸಿದರು, ಯಾಕೆ ಕೊಲ್ಲಿಸಿದರು ಎಂಬ ಕತೆಗಳಿಗೆ ಇವತ್ತಿಗೂ ಬರವಿಲ್ಲ. ಹೀಗೆ ಭಾಭಾ ಅಂದರೆ ಒಂದು ಬಾಂಬು, ಒಂದು ವಿಮಾನ, ಒಂದು ಪಿತೂರಿ. ಅಲ್ಲಿಗೆ ಮುಗಿಯಿತು.

ಅವರನ್ನು ನೆನೆಯಲು ಬೇರೊಂದು ತಾರೀಖಿದೆ. 2024ರ ಅಕ್ಟೋಬರ್ 4ರಂದು ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,300 ಮೀಟರ್ ಎತ್ತರದಲ್ಲಿ ‘ಮೇಸ್’ ಎಂಬ ದೂರದರ್ಶಕ ಉದ್ಘಾಟನೆಯಾಯಿತು. 21 ಮೀಟರ್ ಅಗಲದ ಕನ್ನಡಿ, ಏಷ್ಯಾದಲ್ಲಿ ಈ ಬಗೆಯದರಲ್ಲಿ ಎಲ್ಲಕ್ಕಿಂತ ದೊಡ್ಡದು. ಕಟ್ಟಿಸಿದ್ದು ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ. ಅದರ ಕೆಲಸ ಆಕಾಶದಿಂದ ಬರುವ ಗಾಮಾ ಕಿರಣಗಳನ್ನು ನೆಲದ ಮೇಲೆ ನಿಂತು ಹಿಡಿಯುವುದು. ಕಟ್ಟಿದ ಸಂಸ್ಥೆಗೆ ಭಾಭಾ ಹೆಸರಿದೆ ಎಂಬುದು ಎಲ್ಲರಿಗೂ ಕಾಣುವ ಸಂಗತಿ. ಅದು ಕೆಲಸ ಮಾಡುವ ಬಗೆಯ ಹಿಂದೆ ಅವರು 27ರ ವಯಸ್ಸಿನ ಸುಮಾರಿಗೆ ಕಾಗದದ ಮೇಲೆ ಮಾಡಿದ ಒಂದು ಲೆಕ್ಕ ಇದೆ ಎಂಬುದು ಅಷ್ಟಾಗಿ ಕಾಣುವುದಿಲ್ಲ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈನ ಸಿರಿವಂತ ಪಾರ್ಸಿ ಮನೆಯಲ್ಲಿ. ತಂದೆ ವಕೀಲರು, ಟಾಟಾ ಮನೆತನದ ಹತ್ತಿರದ ನೆಂಟರು. ಮಗ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿ ಜೆಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಅನ್ನುವುದು ಮನೆಯವರ ಎಣಿಕೆ. 1927ರಲ್ಲಿ ಹೋದ ಹುಡುಗ ಮರುವರ್ಷವೇ ತನಗೆ ವ್ಯಾಪಾರವೂ ಬೇಡ, ಎಂಜಿನಿಯರಿಂಗೂ ಬೇಡ, ಭೌತಶಾಸ್ತ್ರ ಒಂದೇ ಸಾಕು ಎಂದು ಅಪ್ಪನಿಗೆ ಕಾಗದ ಬರೆದ. ಅಪ್ಪ ವಕೀಲರಲ್ಲವೇ, ಕರಾರು ಹಾಕಿದರು: ಮೊದಲು ಎಂಜಿನಿಯರಿಂಗನ್ನು ಮೊದಲ ದರ್ಜೆಯಲ್ಲಿ ಮುಗಿಸು, ಆಮೇಲೆ ಗಣಿತಕ್ಕೆ ದುಡ್ಡು ಕಳಿಸುತ್ತೇನೆ. 1930ರಲ್ಲಿ ಒಂದು, 1932ರಲ್ಲಿ ಇನ್ನೊಂದು ಪರೀಕ್ಷೆ ಮುಗಿಯಿತು. ಮಾತು ಎರಡೂ ಕಡೆಯಿಂದ ಉಳಿಯಿತು.

ಆಗಿನ ಕೇಂಬ್ರಿಜ್ ಎಂದರೆ ಹಬ್ಬದ ಮನೆ. ರುದರ್‌ಫರ್ಡ್ ಇದ್ದರು, ಡಿರಾಕ್ ಇದ್ದರು. 1933ರಲ್ಲಿ ಬ್ಲ್ಯಾಕೆಟ್ ಮತ್ತು ಒಕ್ಕಿಯಾಲಿನಿ ಮಂಜುಕೋಣೆ ಎಂಬ ಸಾಧನದಲ್ಲಿ ತೆಗೆದ ಫೋಟೋಗಳಲ್ಲಿ ಒಂದೇ ಕಡೆಯಿಂದ ಹತ್ತಾರು ಕಣಗಳು ಒಟ್ಟಿಗೆ ಸಿಡಿದು ಬರುವುದು ಕಂಡಿತು. ಇದೇನು ಸಿಡಿಮದ್ದು ಎಂದು ತಲೆಕೆಡಿಸಿಕೊಂಡವರೇ ಎಲ್ಲ. ಅಷ್ಟು ದೊಡ್ಡ ಶಕ್ತಿಯಲ್ಲಿ ಆಗಿನ ಹೊಸ ಕ್ವಾಂಟಂ ಸಿದ್ಧಾಂತವೇ ಕೈಕೊಡುತ್ತದೆ ಎಂದು ಅನುಮಾನಿಸಿದವರೂ ಇದ್ದರು.

ಹಿಟ್ಲರನ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದಿದ್ದ ವಾಲ್ಟರ್ ಹೈಟ್ಲರ್ ಜೊತೆ ಭಾಭಾ ಕೂತು ಲೆಕ್ಕ ಹಾಕಿದರು. 1937ರಲ್ಲಿ ಅದು ಅಚ್ಚಾಯಿತು. ಅದರ ತಿರುಳು ಇಷ್ಟು. ಶಕ್ತಿವಂತ ಗಾಮಾ ಕಿರಣವೊಂದು ಗಾಳಿಯ ಪರಮಾಣುವಿನ ನ್ಯೂಕ್ಲಿಯಸ್ ಪಕ್ಕ ಹಾದುಹೋಗುವಾಗ ಕಿರಣವೇ ಇಲ್ಲವಾಗಿ, ಆ ಜಾಗದಲ್ಲಿ ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಹುಟ್ಟುತ್ತವೆ. ಅವು ಮುಂದೆ ಇನ್ನೊಂದು ನ್ಯೂಕ್ಲಿಯಸ್ ಹತ್ತಿರ ದಾರಿ ತಿರುಗುವಾಗ ಹೊಸ ಗಾಮಾ ಕಿರಣ ಹೊರಡಿಸುತ್ತವೆ. ಆ ಕಿರಣ ಮತ್ತೆ ಜೋಡಿಯಾಗುತ್ತದೆ. ಒಂದು ಎರಡು, ಎರಡು ನಾಲ್ಕು. ನಮ್ಮೂರ ಜಮೀನು ಮಕ್ಕಳು ಮೊಮ್ಮಕ್ಕಳಿಗೆ ಹಿಸ್ಸೆಯಾಗುತ್ತಾ ಹೋಗತ್ತಲ್ಲ, ಹಾಗೆ ಪ್ರತಿ ತಲೆಮಾರಿಗೂ ಪಾಲುದಾರರು ಹೆಚ್ಚು, ಪಾಲು ಕಮ್ಮಿ. ಒಂದೊಂದರ ಪಾಲು ಸುಮಾರು 8 ಕೋಟಿ ಎಲೆಕ್ಟ್ರಾನ್ ವೋಲ್ಟಿಗೆ ಇಳಿದ ಮೇಲೆ ಹೊಸದನ್ನು ಹುಟ್ಟಿಸುವ ತ್ರಾಣ ಉಳಿಯುವುದಿಲ್ಲ. ಸುರಿಮಳೆ ನಿಧಾನಕ್ಕೆ ಆರಿಹೋಗುತ್ತದೆ. ಮೊದಲ ಕಿರಣ ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟಿನದಾದರೆ ಹದಿಮೂರು ಹದಿನಾಲ್ಕು ಸಲ ಇಮ್ಮಡಿಯಾಗುವಷ್ಟರಲ್ಲಿ, ನೆಲದಿಂದ ಸುಮಾರು ಹತ್ತು ಕಿಲೋಮೀಟರ್ ಮೇಲೆಯೇ ಸುರಿಮಳೆ ತನ್ನ ತುದಿ ಮುಟ್ಟಿರುತ್ತದೆ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಕಾರ್ಲ್‌ಸನ್ ಮತ್ತು ಓಪನ್‌ಹೈಮರ್ ಕೂಡ ಇದನ್ನೇ ಬೇರೆ ದಾರಿಯಲ್ಲಿ ಕಂಡುಕೊಂಡಿದ್ದರು. ಹಾಗಾಗಿ ಕೀರ್ತಿಯೆಲ್ಲ ಭಾಭಾ ಒಬ್ಬರದೇ ಅನ್ನಬೇಕಿಲ್ಲ. ಸಿದ್ಧಾಂತ ಕೈಕೊಟ್ಟಿಲ್ಲ, ಸಿಡಿಮದ್ದೂ ಇಲ್ಲ, ಗೊತ್ತಿದ್ದ ನಿಯಮಗಳೇ ಸಾಕು ಎಂದು ಎರಡೂ ಜೋಡಿ ತೋರಿಸಿಕೊಟ್ಟವು. ಈ ಲೆಕ್ಕಕ್ಕೆ ಬಗ್ಗದೆ, ದಪ್ಪ ಸೀಸವನ್ನೂ ತೂರಿ ಹೋಗುತ್ತಿದ್ದ ಕಣ ಬೇರೆಯೇ ಜಾತಿಯದು ಎಂಬುದೂ ಇದರಿಂದ ಗಟ್ಟಿಯಾಯಿತು. ಅದನ್ನು ಇವತ್ತು ಮ್ಯೂಯಾನ್ ಅನ್ನುತ್ತೇವೆ.

1939ರಲ್ಲಿ ಭಾಭಾ ರಜೆಗೆಂದು ಊರಿಗೆ ಬಂದರು. ಅಷ್ಟರಲ್ಲಿ ಯುದ್ಧ ಶುರುವಾಯಿತು, ಮರಳುವ ದಾರಿ ಮುಚ್ಚಿತು. ಆಗ ಕೈಹಿಡಿದದ್ದು ಬೆಂಗಳೂರು. ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗದಲ್ಲಿ ರೀಡರ್ ಆದರು. ರಾಮನ್ ಯಾರನ್ನೂ ಸುಲಭಕ್ಕೆ ಮೆಚ್ಚುವವರಲ್ಲ. ಈ ಹುಡುಗನನ್ನು ಮಾತ್ರ ಸಭೆಯಲ್ಲಿ ಲಿಯೊನಾರ್ಡೊ ಡಾ ವಿಂಚಿಗೆ ಹೋಲಿಸಿದರು. ಭಾಭಾ ಚಿತ್ರ ಬರೆಯುತ್ತಿದ್ದರು, ಪಶ್ಚಿಮದ ಸಂಗೀತದ ಹುಚ್ಚಿತ್ತು, ಹಾಗಾಗಿ ಹೋಲಿಕೆ ತೀರಾ ಅತಿಯಾಗಿರಲಿಲ್ಲ. 1941ರಲ್ಲಿ, ಇನ್ನೂ 31ರ ವಯಸ್ಸಿನಲ್ಲಿ, ರಾಯಲ್ ಸೊಸೈಟಿಯ ಫೆಲೋ ಆದರು.

ನನಗೆ ಭಾಭಾ ಬದುಕಿನಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಈ ಬೆಂಗಳೂರಿನ ಐದಾರು ವರ್ಷ. ಕೈಯಲ್ಲಿ ಅಧಿಕಾರವಿಲ್ಲ, ದೊಡ್ಡ ದುಡ್ಡೂ ಇಲ್ಲ. ವಿಶ್ವಕಿರಣಗಳ ಅಧ್ಯಯನಕ್ಕೊಂದು ಸಣ್ಣ ಘಟಕ ಮಾತ್ರ. ಆದರೆ ಕೆಲಸ ನೋಡಿ: ಎಸ್.ಕೆ. ಚಕ್ರವರ್ತಿ ಜೊತೆ ಸೇರಿ ಸುರಿಮಳೆಯ ಲೆಕ್ಕವನ್ನು ಇನ್ನಷ್ಟು ತಿದ್ದಿದರು. ಕಣಗಳು ದಾರಿಯಲ್ಲಿ ಗಾಳಿಯ ಪರಮಾಣುಗಳಿಗೆ ಡಿಕ್ಕಿ ಹೊಡೆದು ಕಳೆದುಕೊಳ್ಳುವ ಶಕ್ತಿಯನ್ನೂ ಅದರಲ್ಲಿ ಸೇರಿಸಿದರು. 1943ರಲ್ಲಿ ಅದು ಲಂಡನ್ನಿನಲ್ಲಿ ಪ್ರಕಟವಾಯಿತು. ಬೆಂಗಳೂರಿಗೆ ಬಂದಿದ್ದ ಅಮೆರಿಕದ ಸೇನಾ ವಿಮಾನಗಳಲ್ಲಿ ಗೈಗರ್ ಕೌಂಟರುಗಳನ್ನು ಇಟ್ಟು ಮೇಲಕ್ಕೆ ಕಳಿಸಿ ವಿಶ್ವಕಿರಣ ಅಳೆದರು. ಅದೇ ಕಟ್ಟಡಗಳ ನಡುವೆ ವಿಕ್ರಮ್ ಸಾರಾಭಾಯಿ ಓಡಾಡುತ್ತಿದ್ದರು. ಹರೀಶ್‌ಚಂದ್ರ ಎಂಬ ತರುಣ ಭಾಭಾ ಕೈಕೆಳಗೆ ಸಂಶೋಧನೆ ಶುರುಮಾಡಿದ್ದ. ಮುಂದೆ ಅವರು ಜಗತ್ತಿನ ದೊಡ್ಡ ಗಣಿತಜ್ಞರಲ್ಲೊಬ್ಬರಾದರು.

ಅಲಹಾಬಾದಿನಿಂದ, ಕಲ್ಕತ್ತಾದಿಂದ ಪ್ರಾಧ್ಯಾಪಕ ಹುದ್ದೆಯ ಕರೆ ಬಂದರೂ ಭಾಭಾ ಹೋಗಲಿಲ್ಲ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿಗೆ ಮರಳುವ ಯೋಚನೆಯೂ 1944ರ ಹೊತ್ತಿಗೆ ಬಿದ್ದುಹೋಗಿತ್ತು. ಆ ವರ್ಷದ ಮಾರ್ಚ್ 12ರಂದು ದೊರಾಬ್ಜಿ ಟಾಟಾ ಟ್ರಸ್ಟಿಗೆ ಒಂದು ಕಾಗದ ಬರೆದರು. ಮೂಲಭೂತ ಭೌತಶಾಸ್ತ್ರಕ್ಕೊಂದು ಗಟ್ಟಿ ಸಂಸ್ಥೆ ಬೇಕು. ಇನ್ನೊಂದೆರಡು ದಶಕದಲ್ಲಿ ಪರಮಾಣುವಿನಿಂದ ವಿದ್ಯುತ್ ಬರುವ ಕಾಲಕ್ಕೆ ಭಾರತ ತಜ್ಞರಿಗಾಗಿ ಹೊರದೇಶ ನೋಡುವಂತಾಗಬಾರದು ಎಂಬುದು ಅದರ ಸಾರ. ಹಿರೋಷಿಮಾಕ್ಕೆ ಇನ್ನೂ ಒಂದೂವರೆ ವರ್ಷ ಬಾಕಿ ಇತ್ತು ಅನ್ನುವುದನ್ನು ಗಮನಿಸಬೇಕು.

1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್ಆರ್, ಶುರುವಾದದ್ದು ಬೆಂಗಳೂರಿನಲ್ಲೇ. ಡಿಸೆಂಬರಿಗೆ ಮುಂಬೈಗೆ ಗಂಟುಮೂಟೆ ಕಟ್ಟಿತು. ದುಡ್ಡು ಕೊಡುವವರಲ್ಲಿ ಬಾಂಬೆ ಸರ್ಕಾರವೂ ಇತ್ತು, ಹೋಗದೆ ವಿಧಿ ಇರಲಿಲ್ಲ. ಬೆಂಗಳೂರಿಗೆ ಸಿಗಬೇಕಾದದ್ದು ಮುಂಬೈ ಪಾಲಾಯಿತು ಎಂದು ಹಲುಬುವುದರಲ್ಲಿ ನನಗೆ ಆಸಕ್ತಿಯಿಲ್ಲ. ನನ್ನ ತಕರಾರು ಬೇರೆ.

ಅಲ್ಲಿಂದಾಚೆಗಿನ ಭಾಭಾ ಪಠ್ಯಪುಸ್ತಕದಲ್ಲಿದ್ದಾರೆ. 1948ರಲ್ಲಿ ಪರಮಾಣು ಶಕ್ತಿ ಆಯೋಗ, 1954ರಲ್ಲಿ ಇಲಾಖೆ, 1956ರಲ್ಲಿ ಅಪ್ಸರಾ ರಿಯಾಕ್ಟರ್. ನೆಹರೂ ಅವರಿಗೆ ನೇರ ಸಂಪರ್ಕ, ಎಲ್ಲ ಕೀಲಿಕೈಗಳೂ ಒಬ್ಬರ ಸೊಂಟದಲ್ಲಿ. ಮೇಘನಾದ ಸಹಾ ಆಗಲೇ ತಕರಾರು ಎತ್ತಿದ್ದರು: ವಿಶ್ವವಿದ್ಯಾಲಯಗಳಲ್ಲಿ ಮೊದಲು ಜನರನ್ನು ತಯಾರು ಮಾಡಿ, ಕೈಗಾರಿಕೆ ಬೆಳೆಸಿ, ಆಮೇಲೆ ಆಯೋಗ ಮಾಡಿ ಎಂದು. ಸಹಾ ಸೋತರು. ಸಂಶೋಧನೆ ವಿಶ್ವವಿದ್ಯಾಲಯ ಬಿಟ್ಟು ಬೇಲಿ ಹಾಕಿದ ಸಂಸ್ಥೆಗಳಿಗೆ ಸರಿದುಹೋಯಿತು. ಇವತ್ತು ನಮ್ಮ ರಾಜ್ಯದ ಯಾವುದಾದರೂ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಹೋಗಿ ಬನ್ನಿ, ಸಹಾ ಹೇಳಿದ್ದು ಏನೆಂದು ತಿಳಿಯತ್ತೆ. ಭಾಭಾ ಕಟ್ಟಿದ್ದು ದೊಡ್ಡದೇ, ಸಂದೇಹವಿಲ್ಲ. ಆದರೆ ಅದರ ಬೆಲೆಯನ್ನು ಹೊರಗುಳಿದವರೂ ತೆತ್ತರು.

ಇನ್ನೊಂದು ಬೆಲೆಯನ್ನು ಅವರೇ ತೆತ್ತರು. 1950ರಲ್ಲಿ ಅಲ್ಲಾಡಿ ರಾಮಕೃಷ್ಣನ್ ಜೊತೆ ಸುರಿಮಳೆಯ ಏರಿಳಿತಗಳ ಬಗ್ಗೆ ಒಂದು ಪ್ರಬಂಧ ಬರೆದ ಭಾಭಾ, ಆ ದಶಕದ ನಡುವಿನಿಂದಾಚೆಗೆ ಹೆಚ್ಚುಕಮ್ಮಿ ಕಡತಗಳ ಮನುಷ್ಯ.

ವಿಚಿತ್ರವೆಂದರೆ ಅವರು ಅತ್ತ ಕಡತ ತಿರುವುತ್ತಿದ್ದಾಗಲೇ ಇತ್ತ ಅವರ ಹಳೇ ಲೆಕ್ಕಕ್ಕೆ ಕಣ್ಣು ಬಂತು. ಕಣವೊಂದು ಗಾಳಿಯಲ್ಲಿ ಬೆಳಕು ಚಲಿಸುವುದಕ್ಕಿಂತ ವೇಗವಾಗಿ ಸಾಗಿದರೆ ನೀಲಿ ಹೊಳಪು ಹೊಮ್ಮುತ್ತದೆ. ಸೋವಿಯತ್ ವಿಜ್ಞಾನಿ ಚೆರೆಂಕೋವ್ 1934ರಲ್ಲಿ ದ್ರವಗಳಲ್ಲಿ ಇದನ್ನು ಗುರುತಿಸಿದ್ದರು. ರಾತ್ರಿಯ ಆಕಾಶದ ಮಂದ ಬೆಳಕಿನಲ್ಲಿ ಹತ್ತು ಸಾವಿರದಲ್ಲೊಂದು ಪಾಲು ವಿಶ್ವಕಿರಣಗಳು ಹೊಮ್ಮಿಸುವ ಇಂಥ ಹೊಳಪೇ ಇರಬೇಕು ಎಂದು 1948ರಲ್ಲಿ ಬ್ಲ್ಯಾಕೆಟ್ ಅಂದಾಜಿಸಿದರು. 1953ರಲ್ಲಿ ಗಾಲ್‌ಬ್ರೇತ್ ಮತ್ತು ಜೆಲ್ಲಿ ಅದನ್ನು ಹಿಡಿದೇಬಿಟ್ಟರು. ಉಪಕರಣ ಏನು ಗೊತ್ತೆ? ಒಂದು ಕಸದ ಡಬ್ಬಿ, ಅದರೊಳಗೆ ಸುಮಾರು 25 ಸೆಂಟಿಮೀಟರಿನ ಒಂದು ಕನ್ನಡಿ, ಬೆಳಕನ್ನು ವಿದ್ಯುತ್ತಾಗಿಸುವ ಒಂದು ನಳಿಗೆ. ಅವರಿಬ್ಬರೂ ಕೆಲಸಕ್ಕಿದ್ದದ್ದು ಬ್ರಿಟನ್ನಿನ ಪರಮಾಣು ಸಂಸ್ಥೆ ಹಾರ್ವೆಲ್‌ನಲ್ಲಿ. ಪರಮಾಣು ಸಂಸ್ಥೆಯ ಅಂಗಳದಲ್ಲೂ ಇಂಥ ಕೆಲಸಕ್ಕೆ ಬಿಡುವು ಸಿಗುತ್ತಿದ್ದ ಕಾಲ ಅದು.

ಈ ಹೊಳಪು ಯಾಕೆ ಮುಖ್ಯ ಅಂದರೆ, ವಿಶ್ವಕಿರಣಗಳಲ್ಲಿ ಬಹುಪಾಲು ವಿದ್ಯುದಂಶವಿರುವ ಕಣಗಳು. ಬಾಹ್ಯಾಕಾಶದ ಕಾಂತಕ್ಷೇತ್ರ ಅವನ್ನು ತಿರುಗಿಸಿ ತಿರುಗಿಸಿ, ಎಲ್ಲಿಂದ ಹೊರಟವು ಎಂಬುದನ್ನೇ ಅಳಿಸಿಹಾಕುತ್ತದೆ. ಗಾಮಾ ಕಿರಣ ಹಾಗಲ್ಲ, ಹೊರಟ ಮನೆಯಿಂದ ನೇರ ಬರುತ್ತದೆ. ಆದರೆ ಅದು ನೆಲ ಮುಟ್ಟುವುದಿಲ್ಲ, ಗಾಳಿಯಲ್ಲೇ ಸುರಿಮಳೆಯಾಗಿಬಿಡುತ್ತದೆ. ಉಪಗ್ರಹ ಕಳಿಸಿದರೆ ಅದರ ಪತ್ತೆಗಾರ ಫಲಕ ಒಂದು ಚದರ ಮೀಟರಿನ ಆಸುಪಾಸು. ಇಷ್ಟು ಶಕ್ತಿಯ ಕಿರಣಗಳೋ ತೀರಾ ಅಪರೂಪ. ಅದೇ ಸುರಿಮಳೆಯ ನೀಲಿ ಹೊಳಪು ನೆಲದ ಮೇಲೆ ಸುಮಾರು 120 ಮೀಟರ್ ತ್ರಿಜ್ಯದ ವೃತ್ತದಲ್ಲಿ, ಹತ್ತು ಹನ್ನೆರಡು ಎಕರೆಗೆ ಹರಡಿಕೊಳ್ಳುತ್ತದೆ. ಅದರೊಳಗೆ ಎಲ್ಲಾದರೂ ಒಂದು ಕನ್ನಡಿ ನಿಲ್ಲಿಸಿದರೆ ಸಾಕು. ಇಡೀ ವಾಯುಮಂಡಲವೇ ಉಪಕರಣ. ಕಷ್ಟ ಏನೆಂದರೆ ಹೊಳಪು ಇರುವುದು ಒಂದು ಸೆಕೆಂಡಿನ ನೂರು ಕೋಟಿ ಭಾಗದಲ್ಲಿ ನಾಲ್ಕೈದು ಭಾಗ ಮಾತ್ರ. ಹೀಗೆ ಏಡಿ ನೀಹಾರಿಕೆಯಿಂದ ಬರುವ ಕಿರಣಗಳನ್ನು ಸಂದೇಹಕ್ಕೆಡೆಯಿಲ್ಲದಂತೆ ಹಿಡಿಯಲು 1989 ಬರಬೇಕಾಯಿತು. ಹಿಡಿದದ್ದು ಅಮೆರಿಕದ ಅರಿಜೋನಾದ ವಿಪಲ್ ದೂರದರ್ಶಕ.

ಭಾರತ ಆ ಹೊತ್ತಿಗಾಗಲೇ ಕಣದಲ್ಲಿತ್ತು, ಭಾಭಾ ಆರಿಸಿದ ಹುಡುಗರಿಂದ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1948ರಲ್ಲಿ ಟಿಐಎಫ್ಆರ್ ಸೇರಿದರು, 1951ರಲ್ಲಿ ಮ್ಯೂಯಾನ್ ಅಳೆಯಲು ಕೋಲಾರದ ಚಿನ್ನದ ಗಣಿಗೆ ಇಳಿದರು. ಅದೇ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊ ಸಿಕ್ಕಿತು. ಭಾಭಾ ಕಣ್ಣಾರೆ ಕಂಡ ಕೊನೆಯ ದೊಡ್ಡ ಫಲಗಳಲ್ಲಿ ಅದೂ ಒಂದು. ಅವರು ಹೋಗಿ ಮೂರು ವರ್ಷಕ್ಕೆ, 1969ರಲ್ಲಿ, ಊಟಿಯಲ್ಲಿ ಗಾಮಾ ಕಿರಣದ ಹುಡುಕಾಟ ಶುರುವಾಯಿತು. ಆಮೇಲೆ ಮಧ್ಯಪ್ರದೇಶದ ಪಚಮಢಿ, ರಾಜಸ್ಥಾನದ ಮೌಂಟ್ ಅಬು. 2008ರಲ್ಲಿ ಬೆಂಗಳೂರಿನ ಖಭೌತ ಸಂಸ್ಥೆ ಮತ್ತು ಟಿಐಎಫ್ಆರ್ ಕೂಡಿ ಹಾನ್ಲೆಯಲ್ಲಿ ಏಳು ದೂರದರ್ಶಕಗಳ ‘ಹಗರ್’ ನಿಲ್ಲಿಸಿದವು. ಅದರ ಪಕ್ಕಕ್ಕೆ ಈಗ ಮೇಸ್ ಬಂದಿದೆ.

ಮೇಸ್‌ನ ಕ್ಯಾಮೆರಾದಲ್ಲಿ 1,088 ಬೆಳಕು-ನಳಿಗೆಗಳಿವೆ. ಬೆಳದಿಂಗಳು ಅದಕ್ಕೆ ಆಗಿಬರುವುದಿಲ್ಲ, ಕತ್ತಲೆಯೇ ಬೇಕು. ಅಂಥ ರಾತ್ರಿ ಅದಕ್ಕೆ ಕಾಣುವ ಹೊಳಪುಗಳಲ್ಲಿ ಬಹುತೇಕ ಎಲ್ಲವೂ ಪ್ರೋಟಾನುಗಳದು. ಗಾಮಾ ಕಿರಣದ್ದು ಸಾವಿರಕ್ಕೊಂದು ಇದ್ದರೆ ಅದೇ ಹೆಚ್ಚು. ಪ್ರೋಟಾನಿನ ಚಿತ್ರ ಅಡ್ಡಾದಿಡ್ಡಿ ಚದುರಿರುತ್ತದೆ, ಗಾಮಾ ಕಿರಣದ್ದು ಅಕ್ಕಿಕಾಳಿನ ಹಾಗೆ ತೆಳ್ಳಗೆ, ನೀಟಾಗಿ. ಯಾವ ಕಾಳು ಎಷ್ಟು ಶಕ್ತಿಯ ಕಿರಣದ್ದು, ಯಾವ ದಿಕ್ಕಿನದು ಎಂದು ಹೇಳಲು ಕಂಪ್ಯೂಟರಿನಲ್ಲಿ ಮೊದಲೇ ಲಕ್ಷಾಂತರ ಕೃತಕ ಸುರಿಮಳೆಗಳನ್ನು ಸುರಿಸಿ ಇಟ್ಟುಕೊಂಡಿರುತ್ತಾರೆ. ಹಾನ್ಲೆಯಲ್ಲಿ ನಿಜವಾಗಿ ಬಿದ್ದ ಹೊಳಪನ್ನು ಅವುಗಳ ಪಕ್ಕ ಇಟ್ಟು ತಾಳೆ ನೋಡುತ್ತಾರೆ. ಆ ಕೃತಕ ಸುರಿಮಳೆಗಳ ಪ್ರತಿ ಹೆಜ್ಜೆಯಲ್ಲೂ ಗಾಮಾ ಕಿರಣ ಜೋಡಿಯಾಗುತ್ತದೆ, ಎಲೆಕ್ಟ್ರಾನ್ ತಿರುಗಿ ಕಿರಣ ಹೊರಡಿಸುತ್ತದೆ, ಪಾಲು ಅರ್ಧವಾಗುತ್ತದೆ. 1937ರಲ್ಲಿ ಇಬ್ಬರು ಕೈಯಲ್ಲೇ ಬರೆದು ಮುಗಿಸಿದ ಅದೇ ಲೆಕ್ಕ.