ದ್ರವೇಂಧನ ರಾಕೆಟ್ಟಿನ ಜನಕ ಗೊಡಾರ್ಡ್

1969ರ ಜುಲೈ ತಿಂಗಳಿನಲ್ಲಿ ಮಾನವನು ಚಂದ್ರನ ನೆಲದ ಮೇಲೆ ಮೊದಲ ಹೆಜ್ಜೆಯನ್ನಿಟ್ಟನು. ಆ ಯಾತ್ರಿಕರನ್ನು ಹೊತ್ತೊಯ್ದ ಸ್ಯಾಟರ್ನ್-5 ರಾಕೆಟ್ಟಿನ ಎತ್ತರ ಸುಮಾರು 110 ಮೀಟರು. ಅದಕ್ಕೆ 43 ವರ್ಷಗಳ ಹಿಂದೆ, ಆಳೆತ್ತರಕ್ಕಿಂತ ಹೆಚ್ಚು ಎತ್ತರವಿದ್ದ ಒಂದು ರಾಕೆಟ್ಟು ಹಿಮ ಹಾಸಿದ ಹೊಲವೊಂದರಿಂದ ಮೇಲೆದ್ದು, ಎರಡೂವರೆ ಸೆಕೆಂಡು ಹಾರಿ ನೆಲಕ್ಕೆ ಬಿದ್ದಿತ್ತು. ಚಂದ್ರಯಾನದ ಮಹಾವೃಕ್ಷಕ್ಕೆ ಅದೇ ಬೀಜ. ಅದನ್ನು ಬಿತ್ತಿದವನು ರಾಬರ್ಟ್ ಹಚಿಂಗ್ಸ್ ಗೊಡಾರ್ಡ್.

ಗೊಡಾರ್ಡ್ 1882ರ ಅಕ್ಟೋಬರ್ 5ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೂಸ್ಟರ್ ನಗರದಲ್ಲಿ ಜನಿಸಿದನು. ಬಾಲ್ಯದಲ್ಲಿ ಅವನ ಆರೋಗ್ಯ ಚೆನ್ನಾಗಿರಲಿಲ್ಲ. ಶಾಲೆಗೆ ಹೋಗಲಾಗದ ದಿನಗಳಲ್ಲಿ ಪುಸ್ತಕಗಳೇ ಅವನ ಸಂಗಾತಿಗಳು. 1899ರ ಅಕ್ಟೋಬರ್ 19ರಂದು, ಒಣಗಿದ ಕೊಂಬೆಗಳನ್ನು ಕತ್ತರಿಸಲೆಂದು ಅವನು ಕೊಟ್ಟಿಗೆಯ ಹಿಂದಿನ ಚೆರ್ರಿ ಮರವನ್ನೇರಿದನು. ಅಲ್ಲಿ ಕುಳಿತು ನೋಡುತ್ತಿದ್ದಾಗ, ಮಂಗಳಗ್ರಹದವರೆಗೆ ಏರಬಲ್ಲ ಯಂತ್ರವೊಂದನ್ನು ನಿರ್ಮಿಸಿದರೆ ಹೇಗೆ ಎಂಬ ಯೋಚನೆ ಅವನ ಮನಸ್ಸಿನಲ್ಲಿ ಮೂಡಿತು. ಮರದಿಂದ ಇಳಿದಾಗ ಅವನ ಬಾಳಿಗೊಂದು ಗುರಿ ದೊರೆತಿತ್ತು. ಮುಂದೆ ಜೀವಮಾನವಿಡೀ ಅವನು ಆ ದಿನವನ್ನು ಸ್ಮರಿಸುತ್ತಿದ್ದನು.

ಗೊಡಾರ್ಡ್ ಭೌತಶಾಸ್ತ್ರವನ್ನು ವ್ಯಾಸಂಗ ಮಾಡಿ, 1911ರಲ್ಲಿ ಕ್ಲಾರ್ಕ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದನು. ಎರಡೇ ವರ್ಷಗಳಲ್ಲಿ ಕ್ಷಯರೋಗ ಅವನನ್ನು ಹಾಸಿಗೆ ಹಿಡಿಸಿತು. ವೈದ್ಯರು ಅವನ ಆಸೆಯನ್ನೇ ಬಿಟ್ಟಿದ್ದರು. ಆದರೆ ರೋಗಶಯ್ಯೆಯಲ್ಲಿಯೂ ಅವನ ಲೇಖನಿ ನಿಲ್ಲಲಿಲ್ಲ. 1914ರಲ್ಲಿ ಅವನಿಗೆ ಎರಡು ಪೇಟೆಂಟುಗಳು ದೊರೆತವು. ಒಂದು, ಹಲವು ಹಂತಗಳಲ್ಲಿ ಉರಿಯುವ ರಾಕೆಟ್ಟಿನದು. ಇನ್ನೊಂದು, ದ್ರವರೂಪದ ಇಂಧನದಿಂದ ನಡೆಯುವ ರಾಕೆಟ್ಟಿನದು.

ರಾಕೆಟ್ಟು ಆಗಲೇ ಹಳೆಯ ವಸ್ತುವಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿ ಮತ್ತು ಟಿಪ್ಪೂ ಸುಲ್ತಾನರ ಮೈಸೂರು ಸೈನ್ಯ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಬ್ರಿಟಿಷರ ಮೇಲೆ ಪ್ರಯೋಗಿಸಿತ್ತು. ಕಬ್ಬಿಣದ ಕೊಳವೆ ಒಳಗಿನ ಹೆಚ್ಚು ಒತ್ತಡವನ್ನು ತಡೆದುಕೊಳ್ಳುತ್ತಿದ್ದುದರಿಂದ ಅವು ದೂರ ಸಾಗುತ್ತಿದ್ದವು. ಆದರೆ ಮದ್ದಿನ ಶಕ್ತಿಗೆ ಮಿತಿಯಿದೆ. ಅದಕ್ಕಿಂತ ಪೆಟ್ರೋಲಿನಂಥ ದ್ರವವನ್ನು ದ್ರವ ಆಮ್ಲಜನಕದೊಡನೆ ಉರಿಸಿದರೆ ಹೆಚ್ಚು ಶಕ್ತಿ ದೊರೆಯುತ್ತದೆಂಬುದನ್ನು ಗೊಡಾರ್ಡ್ ಲೆಕ್ಕ ಹಾಕಿ ಕಂಡುಕೊಂಡನು.

ಗಾಳಿಯಿಲ್ಲದ ಕೊಳವೆಯಲ್ಲಿ ಪ್ರಯೋಗ ನಡೆಸಿ, ನಿರ್ವಾತದಲ್ಲಿಯೂ ರಾಕೆಟ್ಟು ಮುನ್ನುಗ್ಗುತ್ತದೆಂಬುದನ್ನು ಅವನು ಸಿದ್ಧಪಡಿಸಿದನು. 1917ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಅವನಿಗೆ 5,000 ಡಾಲರುಗಳ ನೆರವು ನೀಡಿತು. ಅವನ ಪ್ರಬಂಧ ಪ್ರಕಟವಾದೊಡನೆ, ಚಂದ್ರನವರೆಗೆ ರಾಕೆಟ್ಟನ್ನು ಕಳುಹಿಸಬಹುದೆಂಬ ಅದರೊಳಗಿನ ಮಾತು ಪತ್ರಿಕೆಗಳಿಗೆ ನಗೆಯ ವಸ್ತುವಾಯಿತು. 1920ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಗಾಳಿಯಿಲ್ಲದೆಡೆ ರಾಕೆಟ್ಟು ಯಾವುದನ್ನು ಒತ್ತಿ ಮುಂದೆ ಸಾಗೀತೆಂದು ಹಾಸ್ಯ ಮಾಡಿ, ಪ್ರೌಢಶಾಲೆಯ ಪಾಠವೂ ಈ ಪ್ರಾಧ್ಯಾಪಕನಿಗೆ ತಿಳಿಯದೆಂದು ಬರೆಯಿತು. ವಾಸ್ತವವಾಗಿ ತಪ್ಪಿದ್ದವನು ಗೊಡಾರ್ಡನಲ್ಲ. ರಾಕೆಟ್ಟು ಗಾಳಿಯನ್ನು ಒತ್ತಿ ಸಾಗುವುದಿಲ್ಲ. ಅನಿಲವನ್ನು ಹಿಂದಕ್ಕೆ ಚಿಮ್ಮಿದಾಗ ಅದರ ಪ್ರತಿಕ್ರಿಯೆಯಿಂದ ಮುಂದೆ ಸಾಗುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಈ ಪರಿಹಾಸ್ಯದಿಂದ ನೊಂದ ಗೊಡಾರ್ಡ್ ಅಂದಿನಿಂದ ತನ್ನ ಕೆಲಸವನ್ನು ಆದಷ್ಟು ಗುಟ್ಟಾಗಿ ನಡೆಸತೊಡಗಿದನು.

ತತ್ತ್ವ ಸರಳ, ಆದರೆ ಅದನ್ನು ಯಂತ್ರವಾಗಿಸುವುದು ಕಠಿನ. ಬೈಸಿಕಲ್ಲಿನ ಟ್ಯೂಬಿನಲ್ಲಿರುವ ಗಾಳಿಗಿಂತ ಪಂಪಿನ ಗಾಳಿಯ ಒತ್ತಡ ಹೆಚ್ಚಾಗಿದ್ದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ಅಂತೆಯೇ ದಹನಕೋಷ್ಠದಲ್ಲಿ ಉರಿಯುತ್ತಿರುವ ಅನಿಲ ಎಲ್ಲ ಕಡೆಗೂ ಒತ್ತುತ್ತಿರುವಾಗ, ಅದನ್ನು ಮೀರಿದ ಒತ್ತಡದಿಂದ ಇಂಧನವನ್ನು ಒಳಕ್ಕೆ ನೂಕಬೇಕು. ಗೊಡಾರ್ಡ್ ಮೊದಲು ಪುಟ್ಟ ಪಂಪುಗಳನ್ನು ಬಳಸಿ ನೋಡಿದನು. ಅವು ಅವನ ನಿರೀಕ್ಷೆಯಂತೆ ಕೆಲಸ ಮಾಡಲಿಲ್ಲ. ಆಗ ಅವನು ಟ್ಯಾಂಕುಗಳೊಳಕ್ಕೇ ಅನಿಲದ ಒತ್ತಡವನ್ನು ಕೊಟ್ಟು ದ್ರವವನ್ನು ಹೊರದೂಡುವ ಕ್ರಮವನ್ನು ಕೈಗೊಂಡನು. ಇದಕ್ಕೆ ಟ್ಯಾಂಕು ಬಲವಾಗಿರಬೇಕು, ಬಲವಾದರೆ ಭಾರವಾಗುತ್ತದೆ, ಭಾರವಾದರೆ ರಾಕೆಟ್ಟು ಏಳದು. ಇದರ ಜೊತೆಗೆ, ದ್ರವ ಆಮ್ಲಜನಕ ಸೊನ್ನೆಗಿಂತ 183 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುವಷ್ಟು ತಣ್ಣಗಿನ ವಸ್ತು. ಅದು ಹರಿಯುವ ಕೊಳವೆಗಳೂ ಕವಾಟಗಳೂ ಹೆಪ್ಪುಗಟ್ಟುವ ಚಳಿಯಲ್ಲಿ ಕೆಲಸ ಮಾಡಬೇಕು. ಗೇಣುಗಳ ಅಂತರದಲ್ಲಿರುವ ದಹನಕೋಷ್ಠವೋ ಲೋಹವನ್ನು ಕರಗಿಸುವ ಬೆಂಕಿಯನ್ನು ತಾಳಬೇಕು. 1925ರ ಡಿಸೆಂಬರಿನಲ್ಲಿ, ಪ್ರಯೋಗಶಾಲೆಯ ಚೌಕಟ್ಟಿನಲ್ಲಿ ಕಟ್ಟಿದ್ದ ಅವನ ಎಂಜಿನ್ನು ಮೊದಲ ಬಾರಿಗೆ ತನ್ನ ಭಾರವನ್ನು ತಾನೇ ಎತ್ತಿತು.

1926ರ ಮಾರ್ಚ್ 16ರಂದು ಆಬರ್ನ್ ಎಂಬ ಊರಿನಲ್ಲಿದ್ದ ಬಂಧುವೊಬ್ಬಳ ಹೊಲದಲ್ಲಿ ರಾಕೆಟ್ಟನ್ನು ನಿಲ್ಲಿಸಲಾಯಿತು. ಅಲ್ಲಿದ್ದವರು ಗೊಡಾರ್ಡ್, ಅವನ ಪತ್ನಿ ಎಸ್ತರ್ ಮತ್ತು ಇಬ್ಬರು ಸಹಾಯಕರು ಮಾತ್ರ. ಎಂಜಿನ್ನು ಮೇಲ್ತುದಿಯಲ್ಲಿ, ಟ್ಯಾಂಕುಗಳು ಕೆಳಗೆ. ಎರಡನ್ನೂ ಜೋಡಿಸಿದ್ದ ತೆಳುವಾದ ಕೊಳವೆಗಳೇ ರಾಕೆಟ್ಟಿನ ಎಲುಬುಗೂಡು. ಬೆಂಕಿ ಹೊತ್ತಿಸಿದ ಮೇಲೂ ಅದು ಕೂಡಲೆ ಏಳಲಿಲ್ಲ. ಇಂಧನ ಕರಗಿ ಭಾರ ಕಡಮೆಯಾದ ಬಳಿಕ ಮೇಲಕ್ಕೆ ಚಿಮ್ಮಿತು. 12.5 ಮೀಟರ್ ಎತ್ತರಕ್ಕೇರಿ, 56 ಮೀಟರ್ ದೂರದಲ್ಲಿ ಕೋಸಿನ ಹೊಲಕ್ಕೆ ಬಿದ್ದಿತು. ಎಸ್ತರ್ ಹಿಡಿದಿದ್ದ ಚಲನಚಿತ್ರ ಕ್ಯಾಮರದ ಕೀಲಿ ಅಷ್ಟರಲ್ಲಿ ಮುಗಿದುಹೋಗಿತ್ತು. ಹೀಗಾಗಿ ಜಗತ್ತಿನ ಮೊದಲ ದ್ರವೇಂಧನ ರಾಕೆಟ್ಟಿನ ಹಾರಾಟಕ್ಕೆ ಚಲಚ್ಚಿತ್ರವೇ ಇಲ್ಲ.

1929ರಲ್ಲಿ ನಡೆದ ಮತ್ತೊಂದು ಹಾರಾಟದ ಸದ್ದಿಗೆ ಸುತ್ತಲಿನವರು ಬೆದರಿದರು. ಆ ಪ್ರಾಂತದಲ್ಲಿ ಪ್ರಯೋಗ ನಡೆಸದಂತೆ ಅಧಿಕಾರಿಗಳು ತಡೆದರು. ಇದೇ ಸುದ್ದಿ ಪ್ರಸಿದ್ಧ ವಿಮಾನಯಾನಿ ಲಿಂಡ್‌ಬರ್ಗನ ಕಿವಿಗೆ ಬಿದ್ದಿತು. ಅವನ ಪ್ರಯತ್ನದಿಂದ ಗುಗೆನ್‌ಹೈಮ್ ಮನೆತನದ ಧನಸಹಾಯ ಒದಗಿ, ಗೊಡಾರ್ಡ್ 1930ರಲ್ಲಿ ನ್ಯೂಮೆಕ್ಸಿಕೋ ಪ್ರಾಂತದ ರಾಸ್ವೆಲ್ ಬಳಿಯ ಬಯಲಿಗೆ ಹೋದನು. ಅಲ್ಲಿ ಕೆಲವೇ ಸಹಾಯಕರೊಡನೆ ಹಲವು ವರ್ಷ ದುಡಿದನು. ಟ್ಯಾಂಕಿನ ಭಾರವನ್ನು ತಗ್ಗಿಸಲು ತೆಳುವಾದ ಲೋಹದ ಹಾಳೆಯಿಂದ ಅದನ್ನು ಮಾಡಿ, ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಬಿಗಿಯುವಂತೆ, ಸುತ್ತಲೂ ಗಟ್ಟಿಯಾದ ಉಕ್ಕಿನ ತಂತಿಯನ್ನು ಬಿಗಿದು ಸುತ್ತಿಸಿದನು. ದಹನಕೋಷ್ಠದ ಒಳಗೋಡೆಯ ಮೇಲೆ ಇಂಧನದ ತೆಳುಪರದೆ ಹರಿಯುವಂತೆ ಮಾಡಿ ಅದನ್ನು ತಂಪಾಗಿಟ್ಟನು. ದಿಕ್ಕು ತಪ್ಪದಂತೆ ಬುಗುರಿಯಂತೆ ತಿರುಗುವ ಗೈರೋಸ್ಕೋಪನ್ನು ಅಳವಡಿಸಿದನು. ಅನೇಕ ರಾಕೆಟ್ಟುಗಳು ಸುಟ್ಟವು, ಒಡೆದವು, ಏಳದೆ ಉಳಿದವು. ಪ್ರತಿಯೊಂದು ಸೋಲನ್ನೂ ಅವನು ದಿನಚರಿಯಲ್ಲಿ ಬರೆದಿಟ್ಟು, ಅದರ ಕಾರಣವನ್ನು ಹುಡುಕಿದನು. 1937ರ ಮಾರ್ಚಿನಲ್ಲಿ ಅವನ ರಾಕೆಟ್ಟೊಂದು ಸುಮಾರು 2.7 ಕಿಲೋಮೀಟರ್ ಎತ್ತರವನ್ನು ಮುಟ್ಟಿತು.

ಗೊಡಾರ್ಡನ ಗೋಪ್ಯಸ್ವಭಾವದಿಂದ ಒಂದು ನಷ್ಟವೂ ಆಯಿತು. ಅವನು ಕಂಡುಕೊಂಡ ಎಷ್ಟೋ ಸಂಗತಿಗಳನ್ನು ಇತರರು ಮತ್ತೆ ಹೊಸದಾಗಿ ಹುಡುಕಬೇಕಾಯಿತು. ಸರ್ಕಾರದ ಅಪಾರ ನೆರವನ್ನು ಪಡೆದ ಜರ್ಮನಿಯ ತಂತ್ರಜ್ಞರು ಅವನನ್ನು ಮೀರಿ ಮುಂದೆ ಹೋದರು. ಎರಡನೆಯ ಮಹಾಯುದ್ಧದಲ್ಲಿ ಅವನು ಅಮೆರಿಕದ ನೌಕಾಪಡೆಗಾಗಿ ದುಡಿದನು. 1945ರ ಆಗಸ್ಟ್ 10ರಂದು ಗಂಟಲಿನ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನ ಹೆಸರನ್ನು ಬಲ್ಲವರು ಕೆಲವರೇ.

ಎಸ್ತರ್ ಅವನ ಬರೆಹಗಳನ್ನು ಕಾಪಾಡಿ, ಉಳಿದ ಪೇಟೆಂಟುಗಳನ್ನು ಪಡೆದಳು. ಒಟ್ಟು ಸಂಖ್ಯೆ 214ಕ್ಕೆ ಏರಿತು. 1959ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ತನ್ನ ಒಂದು ಕೇಂದ್ರಕ್ಕೆ ಅವನ ಹೆಸರನ್ನಿಟ್ಟಿತು. ಮಾನವನು ಚಂದ್ರನತ್ತ ಹೊರಟ ಮರುದಿನ, 1969ರ ಜುಲೈ 17ರಂದು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ 49 ವರ್ಷಗಳ ಹಿಂದಿನ ತಪ್ಪನ್ನು ಒಪ್ಪಿಕೊಂಡಿತು. ಅದನ್ನು ಓದಲು ಗೊಡಾರ್ಡ್ ಇರಲಿಲ್ಲ. ಆದರೆ ನಕ್ಕವರಿಗೆ ಅವನು ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದನು. ಆ ಉತ್ತರ ಮಾತಿನದಲ್ಲ. ಒಂದೊಂದು ಕೊಳವೆಯನ್ನೂ ಒಂದೊಂದು ಕವಾಟವನ್ನೂ ಪರೀಕ್ಷಿಸಿ ತಿದ್ದಿದ ಕೈಗಳದು.