ಆಲ್ಫ್ರೆಡ್ ಬ್ಯೂಖಿ: ಒತ್ತಡ ಏರದ ಇಪ್ಪತ್ತು ವರ್ಷಗಳು

ಕುವೈತ್‌ನ ಹೆದ್ದಾರಿಗಳಲ್ಲಿ ಓಡುವ ಹೊಸ ಲ್ಯಾಂಡ್ ಕ್ರೂಸರ್‌ಗಳಲ್ಲಿ ಆರು ಸಿಲಿಂಡರಿನ ಎಂಜಿನ್ನಿಗೆ ಎರಡು ಟರ್ಬೋಚಾರ್ಜರ್‌ಗಳನ್ನು ಜೋಡಿಸಿರುತ್ತಾರೆ. ಅಂಥ ವಾಹನದ ಪೆಡಲ್ ಒತ್ತಿದಾಗ ಮೊದಲಿನ ನುಗ್ಗು ಕಾಣದಿದ್ದರೆ, ಶುವೈಖ್‌ನ ಗ್ಯಾರೇಜುಗಳಲ್ಲಿ ಅದನ್ನು ಬೂಸ್ಟ್ ಕಡಿಮೆಯಾಗಿದೆ ಎನ್ನುತ್ತಾರೆ. ಎಂಜಿನ್ನಿಗೆ ಒತ್ತಿ ತುಂಬಬೇಕಾದ ಗಾಳಿ ಸಾಕಷ್ಟು ಒತ್ತಡದಲ್ಲಿ ಬರುತ್ತಿಲ್ಲ ಎಂದು ಇದರರ್ಥ. ಈ ದೂರು ಟರ್ಬೋಚಾರ್ಜರ್‌ನಷ್ಟೇ ಹಳೆಯದು. ಅದನ್ನು ಮೊದಲು ಅನುಭವಿಸಿದವರು ಆ ಯಂತ್ರವನ್ನು ಕಲ್ಪಿಸಿದ ಆಲ್ಫ್ರೆಡ್ ಬ್ಯೂಖಿ ಅವರೇ.

ಬ್ಯೂಖಿ ಹುಟ್ಟಿದ್ದು 1879ರ ಜುಲೈ 11ರಂದು, ಸ್ವಿಟ್ಸರ್ಲೆಂಡಿನ ವಿಂಟರ್ಟೂರ್ ಪಟ್ಟಣದಲ್ಲಿ. ತಂದೆ ಯೋಹಾನ್ ಅಲ್ಲಿನ ಸುಲ್ಜರ್ ಯಂತ್ರ ಕಾರ್ಖಾನೆಯ ಉನ್ನತಾಧಿಕಾರಿ. ಅದೇ ವರ್ಷ ರುಡಾಲ್ಫ್ ಡೀಸೆಲ್ ಎಂಬ ತರುಣನೂ ಪ್ರಾಯೋಗಿಕ ತರಬೇತಿಗಾಗಿ ಅದೇ ಕಾರ್ಖಾನೆಯಲ್ಲಿದ್ದನೆಂಬುದು ಇತಿಹಾಸದ ಒಂದು ಸೊಗಸಾದ ಕಾಕತಾಳೀಯ. ಬ್ಯೂಖಿ 1899ರಲ್ಲಿ ಜ್ಯೂರಿಕ್‌ನ ಪಾಲಿಟೆಕ್ನಿಕ್ ಸೇರಿ 1903ರಲ್ಲಿ ಪದವಿ ಪಡೆದು, ಬೆಲ್ಜಿಯಂ ಮತ್ತು ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಕೆಲಸ ಮಾಡಿದರು.

ಅವರನ್ನು ಕಾಡಿದ್ದು ಒಂದು ಸರಳ ಲೆಕ್ಕ. ಇಂಧನದಿಂದ ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಹೊಗೆಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಇತ್ತ, ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಲು ಇಂಧನವನ್ನು ಹೆಚ್ಚು ಸುರಿಯುವುದು ಸುಲಭ. ಅದನ್ನು ಉರಿಸುವಷ್ಟು ಗಾಳಿ ಒದಗಿಸುವುದೇ ಕಷ್ಟ. ಕುಲುಮೆಯಲ್ಲಿ ಇದ್ದಿಲು ಎಷ್ಟು ಹಾಕಿದರೇನು, ತಿದಿ ಊದದೆ ಕಬ್ಬಿಣ ಕಾಯುವುದಿಲ್ಲವೆಂದು ನಮ್ಮ ಕಮ್ಮಾರರಿಗೂ ಗೊತ್ತಿತ್ತು. ಹೊರಹೋಗುವ ಹೊಗೆಯಿಂದಲೇ ಒಂದು ಟರ್ಬೈನ್ ತಿರುಗಿಸಿ, ಅದರಿಂದ ತಿದಿಯನ್ನು ಊದಿಸಬಾರದೇಕೆ ಎಂಬುದು ಬ್ಯೂಖಿ ಅವರ ಯೋಚನೆ. ಕಂಪ್ರೆಸರ್, ಪಿಸ್ಟನ್ ಎಂಜಿನ್, ಟರ್ಬೈನ್ ಈ ಮೂರನ್ನೂ ಒಂದರ ಹಿಂದೊಂದು ಜೋಡಿಸಿದ ಯಂತ್ರಕ್ಕೆ 1905ರ ನವೆಂಬರ್ 16ರ ತಾರೀಖಿನ ಜರ್ಮನ್ ಪೇಟೆಂಟ್ ಅವರದಾಯಿತು. ಆಗ ಅವರಿಗೆ ಇಪ್ಪತ್ತಾರು ವರ್ಷ.

ಕಾಗದದ ಮೇಲೆ ಎಲ್ಲವೂ ಚೆನ್ನಾಗಿತ್ತು. ಸುಲ್ಜರ್‌ಗೆ ಮರಳಿದ ಬ್ಯೂಖಿ ಅಲ್ಲಿ ಡೀಸೆಲ್ ಸಂಶೋಧನೆಯ ಹೊಣೆ ಹೊತ್ತರು. 1911ರಲ್ಲಿ ಪ್ರಯೋಗಶಾಲೆ ಸಿದ್ಧವಾಯಿತು. ಆದರೆ 1915ರ ಮಾದರಿ ಎಂಜಿನ್ನು ಬೇಕಾದ ಒತ್ತಡವನ್ನು ಹಿಡಿದುಕೊಳ್ಳಲಿಲ್ಲ. ಅಂದಿನ ಟರ್ಬೈನ್‌ಗಳ ದಕ್ಷತೆ ಕಡಿಮೆ, ಬಿಸಿ ತಾಳುವ ಲೋಹಗಳೂ ವಿರಳ. ಇದೇ ಕಾಲದಲ್ಲಿ ಫ್ರಾನ್ಸಿನ ಒಗ್ಯುಸ್ತ್ ರಾತೊ ವಿಮಾನದ ಎಂಜಿನ್ನುಗಳಿಗೆ ಟರ್ಬೋ ಅಳವಡಿಸುತ್ತಿದ್ದರು. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಶಿಖರದ ತೆಳುಗಾಳಿಯಲ್ಲಿ ಎಂಜಿನ್ನೊಂದು ಸಮುದ್ರಮಟ್ಟದಷ್ಟೇ ಶಕ್ತಿ ಕೊಡುವಂತೆ ಮಾಡಿ ತೋರಿಸಿದರು. ಮೊದಲು ಕಲ್ಪಿಸಿದವರ ಕೈಯಲ್ಲಿ ಮಾತ್ರ ಮಾರಾಟಕ್ಕೆ ಯೋಗ್ಯವಾದ ಯಂತ್ರವಿರಲಿಲ್ಲ.

ಪರಿಹಾರ ದೊರೆತದ್ದು 1925ರಲ್ಲಿ. ತಿದಿಯನ್ನು ದೊಡ್ಡದು ಮಾಡಿ ಅಲ್ಲ, ಹೊಗೆಕೊಳವೆಗಳನ್ನು ಬೇರ್ಪಡಿಸಿ. ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೇ ದೊಡ್ಡ ಕೊಳವೆಗೆ ಬಿಟ್ಟರೆ ಒಂದು ಸಿಲಿಂಡರು ಉಗುಳಿದ ಹೊಗೆ ಪಕ್ಕದ್ದರ ಬಾಯಿಗೆ ಅಡ್ಡಬರುತ್ತದೆ. ಪ್ರತಿ ಉಗುಳಿನ ಪೆಟ್ಟೂ ಕೊಳವೆಯ ವಿಸ್ತಾರದಲ್ಲಿ ಕರಗಿಹೋಗುತ್ತದೆ. ಬ್ಯೂಖಿ ಒಂದಕ್ಕೊಂದು ಅಡ್ಡಬಾರದ ಸಿಲಿಂಡರುಗಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೂ ಕಿರಿದಾದ ಪ್ರತ್ಯೇಕ ಕೊಳವೆಯನ್ನು ಟರ್ಬೈನಿನವರೆಗೆ ಎಳೆದರು. ಆಗ ಹೊಗೆಯ ಪೆಟ್ಟು ನೇರವಾಗಿ ಟರ್ಬೈನಿಗೆ ಬಿತ್ತು. ಎರಡು ಪೆಟ್ಟುಗಳ ನಡುವೆ ಕೊಳವೆಯ ಒತ್ತಡ ತಗ್ಗಿದಾಗ ಒಳಗವಾಟ ಹೊರಗವಾಟಗಳೆರಡನ್ನೂ ಕ್ಷಣಕಾಲ ತೆರೆದಿಟ್ಟು, ಹೊಸ ಗಾಳಿ ಹಳೆಯ ಹೊಗೆಯನ್ನು ಗುಡಿಸಿಹಾಕುವಂತೆಯೂ ಮಾಡಿದರು. ಜರ್ಮನಿಯ ಪ್ರಾಯ್ಸನ್ ಮತ್ತು ಹಾನ್ಸೆಷ್ಟಾಟ್ ಡಾನ್ಸಿಗ್ ಎಂಬ ಪ್ರಯಾಣಿಕ ಹಡಗುಗಳ ಹತ್ತು ಸಿಲಿಂಡರಿನ ಎಂಜಿನ್ನುಗಳ ಶಕ್ತಿ ಟರ್ಬೋದಿಂದಾಗಿ 1,750ರಿಂದ 2,500 ಅಶ್ವಶಕ್ತಿಗೆ ಏರಿತು. ಪೇಟೆಂಟಿನಿಂದ ಹಡಗಿಗೆ ಇಪ್ಪತ್ತು ವರ್ಷ ಹಿಡಿದಿತ್ತು.

ಈ ಇಪ್ಪತ್ತು ವರ್ಷಗಳ ಪಾಠ ಗ್ಯಾರೇಜಿನಲ್ಲಿ ಹಲವರಿಗೆ ಮರೆತಿರುತ್ತದೆ. ಬೂಸ್ಟ್ ಇಲ್ಲವೆಂದೊಡನೆ ಟರ್ಬೋವನ್ನೇ ಬಿಚ್ಚಿಸಿ, ದುಬಾರಿ ಹಣ ತೆತ್ತು ಹೊಸದನ್ನು ಹಾಕಿಸಿಕೊಂಡವರ ದೂರು ಆಮೇಲೂ ಉಳಿಯುವುದುಂಟು. ಟರ್ಬೋ ಎಂಬುದು ಗಾಳಿಯ ದಾರಿ ಮತ್ತು ಹೊಗೆಯ ದಾರಿಗಳ ನಡುವೆ ನಿಂತ ಮಧ್ಯಸ್ಥ. ದೋಷ ಬಹುಮಟ್ಟಿಗೆ ಆ ದಾರಿಗಳಲ್ಲಿರುತ್ತದೆ. ಮೊದಲು ವಾಹನದ ಕಂಪ್ಯೂಟರ್ ಕೇಳುತ್ತಿರುವ ಒತ್ತಡವೆಷ್ಟು, ದೊರೆಯುತ್ತಿರುವುದೆಷ್ಟು ಎಂದು ಸ್ಕ್ಯಾನರ್‌ನಲ್ಲಿ ನೋಡಬೇಕು. ಕೇಳುತ್ತಿರುವುದೇ ಕಡಿಮೆಯಾದರೆ ಕಂಪ್ಯೂಟರ್ ಯಾವುದೋ ಕಾರಣಕ್ಕೆ ತಾನಾಗಿ ಹಿಂಜರಿಯುತ್ತಿದೆ. ಕೇಳಿದ್ದು ಸಿಗದಿದ್ದರೆ ದಾರಿ ಹುಡುಕಬೇಕು: ಧೂಳು ಕಟ್ಟಿದ ಏರ್ ಫಿಲ್ಟರ್, ಬಿಸಿಗೆ ಬಿರಿದ ರಬ್ಬರ್ ಹೋಸ್, ಸಡಿಲವಾದ ಕ್ಲಾಂಪ್, ಸೋರುವ ಇಂಟರ್‌ಕೂಲರ್. ಗಾಳಿಯ ದಾರಿಗೆ ಯಂತ್ರದಿಂದ ಹೊಗೆ ತುಂಬಿ ನೋಡಿದರೆ ಬಿರುಕು ತಾನೇ ಕಾಣಿಸುತ್ತದೆ. ಹೊಗೆಯನ್ನು ಟರ್ಬೈನಿಗೆ ತಾಗದಂತೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ತೆರೆದೇ ಉಳಿದಿರಬಹುದು. ಟರ್ಬೈನಿಗೆ ಮೊದಲೇ ಕೊಳವೆ ಬಿರುಕು ಬಿಟ್ಟಿದ್ದರೆ, ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಟಿಕ್‌ಟಿಕ್ ಸದ್ದು ಕೇಳುವುದುಂಟು. ಟರ್ಬೈನ್ ದಾಟಿದ ಮೇಲೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೂ ಅದೇ ಗತಿ. ಹೊರಹೋಗಲಾರದ ಹೊಗೆ ಟರ್ಬೈನನ್ನು ತಿರುಗಿಸಲಾರದು.

ಅವಳಿ ಟರ್ಬೋದಲ್ಲಿ ಇನ್ನೊಂದು ತೊಡಕಿದೆ. ವಿ ಆಕಾರದ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಮೂರು ಮೂರು ಸಿಲಿಂಡರುಗಳಿಗೆ ಒಂದೊಂದು ಟರ್ಬೋ ಇರುತ್ತದೆ. ಇದು ಬ್ಯೂಖಿ ಅವರ ಗುಂಪುಗಾರಿಕೆಯೇ. ಆದರೆ ಎರಡರ ಗಾಳಿಯೂ ಕೊನೆಗೆ ಒಂದೇ ಕಡೆ ಕೂಡುತ್ತದೆ. ಅಲ್ಲಿರುವ ಸೆನ್ಸರ್‌ಗೆ ಒಟ್ಟು ಒತ್ತಡ ತಿಳಿಯುತ್ತದೆಯೇ ಹೊರತು ಯಾವ ಕಡೆಯದು ಸೋಮಾರಿ ಎಂಬುದು ತಿಳಿಯದು. ಒಂದು ಸೊರಗಿದರೆ ಇನ್ನೊಂದು ಅತಿಯಾಗಿ ತಿರುಗಿ ದಣಿಯುತ್ತದೆ. ಹೀಗೆ ಒಳ್ಳೆಯದೂ ಕೆಡುತ್ತದೆ. ಅದೃಷ್ಟವಶಾತ್ ಅವಳಿಗಳಿರುವುದರಿಂದ ಒಂದನ್ನು ಇನ್ನೊಂದಕ್ಕೆ ಅಳತೆಗೋಲಾಗಿ ಬಳಸಬಹುದು: ಎರಡೂ ಬದಿಯ ಹೋಸ್, ವೇಸ್ಟ್‌ಗೇಟಿನ ಚಲನೆ, ಶಾಫ್ಟಿನ ಸಡಿಲ, ಎಣ್ಣೆಯ ಜಿನುಗುಗಳನ್ನು ಹೋಲಿಸಿ ನೋಡುವ ಮೆಕ್ಯಾನಿಕ್ ಸಿಕ್ಕರೆ ಬಿಡಬಾರದು.

ಕುವೈತ್‌ನಲ್ಲಿ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ದಾಖಲಾದ ಉಷ್ಣಾಂಶವನ್ನು ವಿಶ್ವ ಹವಾಮಾನ ಸಂಸ್ಥೆ 53.9 ಡಿಗ್ರಿ ಎಂದು ಒಪ್ಪಿದೆ. 20 ಡಿಗ್ರಿಯ ಗಾಳಿಗಿಂತ 50 ಡಿಗ್ರಿಯ ಗಾಳಿ ಅದೇ ಒತ್ತಡದಲ್ಲಿ ಶೇಕಡಾ 9ರಷ್ಟು ತೆಳು. ಮಾಪಕದಲ್ಲಿ ಒತ್ತಡ ಸರಿಯಿದ್ದೂ ಕಾರು ಮಂಕಾಗಿ ಓಡುವುದಕ್ಕೆ ಇದೇ ಕಾರಣವಾಗಿರಬಹುದು. ಜನವರಿಯ ಮುಂಜಾನೆ ಅದೇ ಕಾರು ಚುರುಕಾದರೆ ಗ್ಯಾರೇಜಿಗೆ ಹೋಗಬೇಕಿಲ್ಲ.

ಬ್ಯೂಖಿ ಮುಂದೆ ಸುಲ್ಜರ್ ಬಿಟ್ಟು, ಬ್ರೌನ್ ಬೊವೆರಿ ಮತ್ತು ಸ್ವಿಸ್ ಲೋಕೊಮೋಟಿವ್ ಕಾರ್ಖಾನೆಗಳೊಡನೆ ಸೇರಿ ತಮ್ಮ ಹೆಸರಿನ ಕೂಟವನ್ನು ನಡೆಸಿದರು. ಅನೇಕ ದೇಶಗಳ ಕಾರ್ಖಾನೆಗಳು ಅದರಿಂದ ಪರವಾನಗಿ ಪಡೆದವು. ಟರ್ಬೋ ಹಡಗಿನಿಂದ ರೈಲಿಗೂ ಲಾರಿಗೂ ಬಂತು. ಒಂದು ಕಾಲದಲ್ಲಿ ಹುಬ್ಬಳ್ಳಿ, ಅರಸೀಕೆರೆಗಳಿಂದ ಹೊರಡುವಾಗ ಕಪ್ಪು ಹೊಗೆ ಕಾರುತ್ತಿದ್ದ ಆಲ್ಕೊ ಡೀಸೆಲ್ ಎಂಜಿನ್ನುಗಳು ಟರ್ಬೋ ಎಂಜಿನ್ನುಗಳೇ. ಇಂಧನ ಮೊದಲು ಬಂದು ಗಾಳಿ ತಡವಾದುದರ ಗುರುತು ಆ ಹೊಗೆ. ಇಂದು ಮೀನಾ ಅಲ್ ಅಹ್ಮದಿಯಿಂದ ಕಚ್ಚಾ ತೈಲ ಹೊತ್ತು ಹೊರಡುವ ಟ್ಯಾಂಕರುಗಳ ಡೀಸೆಲ್ ಎಂಜಿನ್ನುಗಳಿಗೂ ಟರ್ಬೋ ಬೇಕು.

ತಾವು ಓದಿದ ಜ್ಯೂರಿಕ್‌ನ ಸಂಸ್ಥೆಯಿಂದಲೇ ಬ್ಯೂಖಿ ಅವರಿಗೆ 1938ರಲ್ಲಿ ಗೌರವ ಡಾಕ್ಟರೇಟ್ ಬಂತು. ಸ್ವಿಟ್ಸರ್ಲೆಂಡಿನ ಸೌರರ್ ಕಂಪನಿ ಲಾರಿಗಾಗಿ ಟರ್ಬೋ ಡೀಸೆಲ್ ಎಂಜಿನ್ ತಯಾರಿಸಿದ್ದೂ ಅದೇ ವರ್ಷ. ಬ್ಯೂಖಿ 1959ರ ಅಕ್ಟೋಬರ್ 27ರಂದು ಹುಟ್ಟೂರಾದ ವಿಂಟರ್ಟೂರಿನಲ್ಲೇ ತೀರಿಕೊಂಡರು. ಟರ್ಬೋ ಹೊತ್ತ ಮೊದಲ ಪೆಟ್ರೋಲ್ ಕಾರುಗಳು ಅಮೆರಿಕದ ಮಾರುಕಟ್ಟೆಗೆ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1962ರಲ್ಲಿ. ಅವಳಿ ಟರ್ಬೋದ ಮಸೆರಾಟಿ ಬೈಟರ್ಬೊ 1981ರಲ್ಲಿ ಬಂತು.